ಎ8 ಮೂಲೆಯ ಒಂಟೆ

ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದ ಕಥೆ ಹಳೆಯದಾಯಿತು. ಆದರೂ ಉಡುಪಿಯಲ್ಲಿ ಚೆಸ್ ಬಲ್ಲವರು ನಾಲ್ಕು ಜನ ಸೇರಿದರೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಅದು ಗೆದ್ದದ್ದಲ್ಲ ಮಾರಾಯ್ರೇ, ಡಿಂಗ್ ಕೈಯಾರೆ ಕೊಟ್ಟದ್ದು." ಮಾಜಿ ಚಾಂಪಿಯನ್ ಕ್ರಾಮ್ನಿಕ್ ಕೂಡ ಅದನ್ನು ಬಾಲಿಶ ತಪ್ಪು ಎಂದು ಜರೆದಿದ್ದರು. ಅವರಿಗೆ ಎದುರಾಡುವಷ್ಟು ದೊಡ್ಡವನು ನಾನಲ್ಲ. ಅವರ ಮಾತನ್ನು ಎರವಲು ಪಡೆದು ತೀರ್ಪು ಕೊಡುವವರು ಆ ಆಟವನ್ನು ಒಮ್ಮೆಯಾದರೂ ಹಲಗೆಯ ಮೇಲೆ ಆಡಿ ನೋಡಿದ್ದಾರೆಯೇ ಎಂಬುದಷ್ಟೇ ನನ್ನ ತಕರಾರು.

2024ರ ಡಿಸೆಂಬರ್ 12, ಸಿಂಗಪುರ. ಹದಿನಾಲ್ಕನೇ ಪಂದ್ಯ, ಅಂಕ 6.5–6.5. ಡಿಂಗ್ ಲಿರೆನ್‌ಗೆ ಬಿಳಿ ಕಾಯಿ. ಡ್ರಾ ಆದರೆ ಮರುದಿನ ರ‍್ಯಾಪಿಡ್ ಟೈಬ್ರೇಕರ್, ಅಂದರೆ ಕಡಿಮೆ ಸಮಯದ ನಿರ್ಣಾಯಕ ಆಟಗಳು. 2023ರಲ್ಲಿ ಅಸ್ತಾನಾದಲ್ಲಿ ಡಿಂಗ್ ಪಟ್ಟಕ್ಕೇರಿದ್ದೂ ಟೈಬ್ರೇಕರ್‌ನಲ್ಲೇ. ಹಾಗಾಗಿ ಅವರ ಲೆಕ್ಕಾಚಾರ ಏನಿತ್ತೆಂದು ಊಹಿಸುವುದು ಕಷ್ಟವಲ್ಲ. 29ನೇ ನಡೆಯಲ್ಲಿ ಬಿ ಸಾಲಿನ ಕಾಲಾಳನ್ನು ಮುಂದೆ ತಳ್ಳಿ ಬಿಟ್ಟೇಕೊಟ್ಟರು (ಬಿಳಿಯ ಕಡೆಯಿಂದ ನೋಡಿದರೆ ಹಲಗೆಯ ನಿಲುಸಾಲುಗಳು ಎಡದಿಂದ ಎಯಿಂದ ಎಚ್, ಅಡ್ಡಸಾಲುಗಳು ಕೆಳಗಿನಿಂದ 1ರಿಂದ 8). ರಾಣಿಗಳು ಹೋದವು, ಬೆನ್ನಿಗೇ ಒಂದು ಜೊತೆ ಆನೆಗಳೂ ಹೋದವು. ಉಳಿದದ್ದು ಇಬ್ಬರಿಗೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಪುಸ್ತಕದ ಪ್ರಕಾರ ಡ್ರಾ. ಚೆಸ್ ಆಡುವ ಕಂಪ್ಯೂಟರ್ ಎಂಜಿನ್ ಪ್ರಕಾರವೂ ಡ್ರಾ.

ಇಲ್ಲಿ ಬೇರೆ ಯಾರಾದರೂ ಕೈ ಕುಲುಕಿ ಏಳುತ್ತಿದ್ದರು. ಹದಿನೆಂಟರ ಹುಡುಗ ಏಳಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ನಡೆ ಅತ್ತ ಇತ್ತ ಸರಿಸುತ್ತಾ ಕುಳಿತ. ಗಡಿಯಾರದಲ್ಲಿ ಅವನ ಬಳಿ ಸಮಯ ಹೆಚ್ಚಿತ್ತು, ಡಿಂಗ್ ಬಳಿ ಕಡಿಮೆ.

ಎಲ್ಲರೂ 55ನೇ ನಡೆಯನ್ನು ಹಿಡಿದು ಜಗ್ಗುತ್ತಾರೆ. ನನ್ನನ್ನು ಕೇಳಿದರೆ 52ನ್ನು ನೋಡಿ. ಗುಕೇಶ್ ಆನೆಯನ್ನು ಬಿ2ಕ್ಕೆ ತಂದು ಬಿ7ರಲ್ಲಿದ್ದ ಬಿಳಿ ಒಂಟೆಯನ್ನು ಕೆಣಕಿದ. ಅದಕ್ಕೆ ಹೋಗಲು ಬೇರೆ ಮನೆಗಳಿದ್ದವು. ಡಿಂಗ್ ಎ8 ಮೂಲೆಗೆ ಸರಿಸಿದರು. ಆಗಲೂ ಆಟ ಸೋತಿರಲಿಲ್ಲ. ಆದರೆ ಮೂಲೆಯ ಒಂಟೆಗೆ ಉಳಿಯುವುದು ಒಂದೇ ಕರ್ಣ. ಎರಡು ನಡೆ ಕಳೆದು, ಆ 55ನೇ ನಡೆಯಲ್ಲಿ, ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟು, ಬಾ, ಇದನ್ನೂ ಬದಲಿಸಿಕೊಳ್ಳೋಣ ಎಂದರು. ಆನೆಗಳು ಹೋದವು. ಕಪ್ಪು ಒಂಟೆ ಡಿ5ಕ್ಕೆ ಬಂದು ಆ ಒಂದೇ ಕರ್ಣದ ನಡುವೆ ಕುಳಿತಿತು. ಬಿಳಿ ಒಂಟೆಗೆ ಓಡಲು ಜಾಗವೇ ಇಲ್ಲ. ಬಿ7ಕ್ಕೆ ಹೋದರೂ ಸಿ6ಕ್ಕೆ ಹೋದರೂ ಕಪ್ಪು ಒಂಟೆಯ ಬಾಯಿಗೇ. ಹೊಡೆದಾಡಿಕೊಂಡು ಒಂಟೆಗಳೂ ಖಾಲಿ. ಕೊನೆಗೆ ಬಿಳಿ ರಾಜ ಇ3ರಲ್ಲಿ, ಕಪ್ಪು ರಾಜ ಇ5ರಲ್ಲಿ, ಎದುರುಬದುರು. ನಡೆ ಬಿಳಿಯದು, ದಾರಿ ಬಿಡಲೇಬೇಕು. ಎರಡು ಕಾಲಾಳುಗಳ ಎದುರು ಒಂದು. ಡಿಂಗ್ ಸೋಲೊಪ್ಪಿದರು.

ಅಂದು ಆಡಿದ ತಂತ್ರವೇ ಅವರನ್ನು ಕೆಡವಿತು ಎನ್ನುತ್ತೇನೆ ನಾನು. ಕಾಯಿ ಬದಲಾದಷ್ಟೂ ಡ್ರಾ ಹತ್ತಿರ ಎಂಬ ನಂಬಿಕೆ ಎರಡು ಸಲ ನಡೆಯಿತು, ಮೂರನೇ ಸಲ ಕೈಕೊಟ್ಟಿತು. ಇಷ್ಟಾದರೂ ಡಿಂಗ್ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗಾಗದು. ಹನ್ನೆರಡನೇ ಪಂದ್ಯವನ್ನು ಅವರು ಗೆದ್ದ ಚೆಂದವನ್ನು ನೋಡಿ, ಆಮೇಲೆ ಮಾತಾಡಿ.

ಬೇಸಿಗೆ ರಜೆಯಲ್ಲಿ ಮಂಗಳೂರಿನ ಟೂರ್ನಿಗಳಿಗೆ ಹೋದರೆ ಹದಿನೈದು ನಡೆಗೆ ಡ್ರಾ ಮಾಡಿಕೊಂಡು ಐಸ್‌ಕ್ರೀಮಿಗೆ ಓಡುವ ಮಕ್ಕಳು ಸಿಗುತ್ತಾರೆ. ಹೊರಗೆ ಕಾಯುವ ಅಪ್ಪಂದಿರು "ಅರ್ಧ ಅಂಕವಾದರೂ ಬಂತಲ್ಲ" ಎಂದು ಬೆನ್ನು ತಟ್ಟುತ್ತಾರೆ. ಮಕ್ಕಳನ್ನು ಬೈಯಲು ನನಗೆ ಮನಸ್ಸಿಲ್ಲ. ಅಪ್ಪಂದಿರನ್ನು ಬೈಯಬಹುದು.

ಮನೆಯಲ್ಲಿ ಹಲಗೆ ಇರುವವರು ಈ ಸ್ಥಿತಿಯನ್ನು ಜೋಡಿಸಿ: ಬಿಳಿ ರಾಜ ಜಿ1, ಆನೆ ಎ4, ಒಂಟೆ ಬಿ7, ಕಾಲಾಳು ಜಿ3. ಕಪ್ಪು ರಾಜ ಜಿ5, ಆನೆ ಬಿ2, ಒಂಟೆ ಇ6, ಕಾಲಾಳು ಎಫ್5 ಮತ್ತು ಜಿ4. ನಡೆ ಬಿಳಿಯದು. ಮೊಬೈಲ್ ದೂರವಿಟ್ಟು, ಗಡಿಯಾರದಲ್ಲಿ ಹತ್ತೇ ನಿಮಿಷ ಇಟ್ಟುಕೊಂಡು ಬಿಳಿಯ ಕಡೆ ಕುಳಿತುಕೊಳ್ಳಿ. ಒಂಟೆಯನ್ನು ಎಲ್ಲಿಗೆ ಸರಿಸಿದಿರಿ, ಎಷ್ಟು ನಡೆ ತಡೆದಿರಿ ಎಂದು ಕೆಳಗೆ ಬರೆಯಿರಿ.