ಶಿಂದೆ ಅಂದರೆ ಯಾರ ಪೈಕಿ?

ಪುಣೆಯಲ್ಲಿ ಮೊದಲು ಕೇಳುವುದು ಆಡನಾವ, ಅಂದರೆ ಅಡ್ಡಹೆಸರು. ಮೈಸೂರು ಕಡೆಯ ನನ್ನಂಥವರಿಗೆ ಅದೆಲ್ಲಿದೆ? ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಆಮೇಲೆ ಹೆಸರು. ಫಾರಂ ತುಂಬುವಾಗ ಒದ್ದಾಡಿ ಕೊನೆಗೆ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ.

ನಮ್ಮವರಿಗೆ ಒಂದು ಜಂಬ ಇದೆ. ಇನಿಷಿಯಲ್ ನೋಡಿದರೆ ಜಾತಿ ತಿಳಿಯುವುದಿಲ್ಲ, ಮರಾಠಿಯವರ ಅಡ್ಡಹೆಸರು ಎಲ್ಲ ಹೇಳಿಬಿಡುತ್ತದೆ ಅಂತ. ನಾನು ಒಪ್ಪುವುದಿಲ್ಲ. ಶಿಂದೆ ಅನ್ನುವ ಹೆಸರನ್ನೇ ನೋಡಿ.

ಬುಲ್ಢಾಣದ ತಾರಾಬಾಯಿ ಶಿಂದೆ ಮರಾಠಾ ಮನೆಯ ಹೆಣ್ಣುಮಗಳು. ಸೂರತ್ತಿನಲ್ಲಿ ವಿಜಯಲಕ್ಷ್ಮಿ ಎಂಬ ಎಳೆಯ ವಿಧವೆ ಹುಟ್ಟಿದ ಮಗುವನ್ನು ಕೊಂದಳೆಂದು ಗಲ್ಲು ಶಿಕ್ಷೆಯಾಯಿತು. ಪತ್ರಿಕೆಗಳು ಹೆಣ್ಣುಕುಲವನ್ನೇ ಬೈದವು. ತಾರಾಬಾಯಿಗೆ ಸಿಟ್ಟು ಬಂತು. 1882ರಲ್ಲಿ 'ಸ್ತ್ರೀ ಪುರುಷ ತುಲನಾ' ಬರೆದು, ಹೆಂಗಸರ ಮೇಲೆ ಹೊರಿಸುವ ತಪ್ಪುಗಳು ಗಂಡಸರಲ್ಲಿ ಇಲ್ಲವೇ ಎಂದು ನೇರವಾಗಿ ಕೇಳಿದರು. ಜ್ಯೋತಿಬಾ ಫುಲೆ ತಾರಾಬಾಯಿಯ ಪರ ನಿಂತರು. ಬೇರೆಯವರು ಸುಮ್ನೆ ಬಿಡುತ್ತಾರೆಯೇ? ತಾರಾಬಾಯಿ ಮತ್ತೆ ಪುಸ್ತಕ ಬರೆದ ಹಾಗೆ ಕಾಣುವುದಿಲ್ಲ.

ವಿಠ್ಠಲ ರಾಮಜಿ ಶಿಂದೆ ಕೂಡ ಮರಾಠಾ. 1906ರಲ್ಲಿ ಮುಂಬೈಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಅಸ್ಪೃಶ್ಯರೆಂದು ದೂರ ಇಟ್ಟವರ ಮಕ್ಕಳಿಗೆ ಶಾಲೆ ತೆರೆದರು. ಮತ್ತೆ ಗಾಯಕ ಪ್ರಹ್ಲಾದ ಶಿಂದೆ! ದಲಿತ ಕುಟುಂಬದವರು. ಅಂಬೇಡ್ಕರರನ್ನು ಕುರಿತ ಭೀಮಗೀತೆಯನ್ನೂ ವಿಠಲನ ಹಾಡನ್ನೂ ಒಂದೇ ಗಂಟಲಿನಲ್ಲಿ ಮನೆಮನೆಗೆ ಮುಟ್ಟಿಸಿದರು. ಮಕ್ಕಳಾದ ಆನಂದ, ಮಿಲಿಂದ, ಮೊಮ್ಮಗ ಆದರ್ಶ, ಎಲ್ಲರೂ ಹಾಡುಗಾರರೇ. ಅಂದರೆ ಅಸ್ಪೃಶ್ಯತೆ ಹೋಗಲಿ ಎಂದು ದುಡಿದವರಿಗೂ ಅದನ್ನು ಅನುಭವಿಸಿದ ಸಮುದಾಯದ ಹಾಡುಗಾರರಿಗೂ ಒಂದೇ ಅಡ್ಡಹೆಸರು.

ಹಾಗಂತ ಇಲ್ಲಿ ಜಾತಿ ಮುಚ್ಚಿಹೋಗಿದೆಯೇ? ಎಲ್ಲಿಯ ಮಾತು. ಶಿಂದೆ ಅಂದ ಕೂಡಲೇ ಊರು ಯಾವುದು, ನೆಂಟರು ಯಾರು ಅಂತ ಶುರು. ನಮ್ಮಲ್ಲೂ ಇನಿಷಿಯಲ್ ಬಿಡಿಸಿ, "ನೀವು ಯಾರ ಪೈಕಿ?" ಅನ್ನುವುದಿಲ್ಲವೇ? ಉತ್ತರ ಕರ್ನಾಟಕದ ಪಾಟೀಲರನ್ನು ಕೇಳಿ. ಲಿಂಗಾಯತರು, ಜೈನರು, ಮುಸ್ಲಿಮರು, ಎಲ್ಲರಲ್ಲೂ ಪಾಟೀಲರಿದ್ದಾರೆ. ಕೇಳುವವರ ಚಾಳಿ ಎರಡೂ ಕಡೆ ಒಂದೇ. ನಮ್ಮದು ಸ್ವಲ್ಪ ಜಾಸ್ತಿ ನಯ, ಅಷ್ಟೇ.

ಇನ್ನೊಂದು ವಿಷಯ. ವಿಠ್ಠಲ ರಾಮಜಿ 1873ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ, ಈಗಿನ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ. ಇಲ್ಲಿನ ಕನ್ನಡ ಗೆಳೆಯರಿಗೆ ಇದನ್ನು ಹೇಳಿದರೆ, "ಶಿಂದೆ ಅಂತೀರಿ, ನಮ್ಮವರು ಹೇಗಾಗ್ತಾರೆ?" ಅನ್ನುತ್ತಾರೆ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಧಾರವಾಡದ ಬೇಂದ್ರೆಯವರು ನಮ್ಮವರಾಗಿದ್ದು ಹೇಗೆ ಮತ್ತೆ?