ಡೋಪಮೈನ್ ಅಂದ ಮಾತ್ರಕ್ಕೆ ವಿಜ್ಞಾನ ಆಗುತ್ತಾ?

ನಿನ್ನೆ ನಮ್ಮೂರ ಸಭಾಂಗಣದಲ್ಲಿ ಕುಡಿತ ಬಿಡಿಸುವ ಕಾರ್ಯಕ್ರಮ. ಲೈನ್ ಮನೆಗಳಿಂದ ಜೀಪಿನಲ್ಲಿ ತುಂಬಿಸಿ ತಂದ ಕಾರ್ಮಿಕರು ಮುಂದಿನ ಸಾಲಿನಲ್ಲಿ, ತೋಟದ ಮಾಲೀಕರಾದ ನಾವು ಹಿಂದೆ ಫ್ಯಾನ್ ಕೆಳಗೆ. ಭಾಷಣಕ್ಕೆ ಬಂದವರು ಬಾಯಿ ತೆರೆದರೆ ಡೋಪಮೈನ್, ಅಂದರೆ ಮಿದುಳಿನ ಕೋಶಗಳ ನಡುವೆ ಸುದ್ದಿ ಸಾಗಿಸುವ ಒಂದು ರಾಸಾಯನಿಕ. "ಕುಡಿದಾಗ ಮಿದುಳಲ್ಲಿ ಡೋಪಮೈನ್ ಸುರಿಯುತ್ತೆ. ಅದೇ ಖುಷಿ. ಆ ಖುಷಿಗೆ ನೀವು ಬಿದ್ದಿದ್ದೀರಿ. ಮನಸ್ಸು ಗಟ್ಟಿ ಮಾಡಿ, ನಾಳೆಯಿಂದಲೇ ಬಿಟ್ಟುಬಿಡಿ." ಜೋರು ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು.

ಪ್ರಾಣಿಶಾಸ್ತ್ರ ಓದಿ ಕೊನೆಗೆ ಕಾಫಿ ಗಿಡದ ಬುಡಕ್ಕೇ ಬಂದವನು ನಾನು ಅಂತ ನಿಮಗೆಲ್ಲ ಗೊತ್ತು. ಈ ವಿಷಯ ಎಲ್ಲಿ ಸಿಕ್ಕಿದರೂ ಓದದೆ ಬಿಡುವುದಿಲ್ಲ. ಅದಕ್ಕೇ ಸಿಟ್ಟು ಜಾಸ್ತಿ.

1954ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ತಂತಿ ಇಟ್ಟರು. ಸನ್ನೆಕೋಲು ಒತ್ತಿದರೆ ಸಣ್ಣದೊಂದು ಕರೆಂಟು. ಇಲಿ ಒತ್ತಿದ್ದೇ ಒತ್ತಿದ್ದು. ಖುಷಿಯ ಜಾಗ ಸಿಕ್ಕಿತು ಅಂತ ಎಲ್ಲರೂ ಕುಣಿದರು. ನಮ್ಮ ಭಾಷಣಕಾರರು ಇನ್ನೂ ಅಲ್ಲೇ ಕುಣಿಯುತ್ತಿದ್ದಾರೆ. ಲ್ಯಾಬಿನವರು ಯಾವಾಗಲೋ ಮುಂದೆ ಹೋದರು ಸ್ವಾಮಿ!

ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಇಲಿಗಳ ಮಿದುಳಿನಿಂದ ಡೋಪಮೈನನ್ನು ಹೆಚ್ಚುಕಮ್ಮಿ ಪೂರ್ತಿ ತೆಗೆದು ನೋಡಿದರು. ಮುಂದೆ ಆಹಾರ ಇದ್ದರೂ ಇಲಿ ಹೋಗಿ ತಿನ್ನಲಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನ ಹಾಗೆಯೇ ನಾಲಿಗೆ ಚಾಚಿ ಚಪ್ಪರಿಸಿತು. ಅಂದರೆ ಇಷ್ಟ ಹಾಗೇ ಇದೆ, ಬೇಕು ಅನ್ನುವುದು ಹೋಗಿದೆ. ಡೋಪಮೈನ್ ಕೆಲಸ ಮುಖ್ಯವಾಗಿ ಈ 'ಬೇಕು' ಅನ್ನುವುದರಲ್ಲಿ. ಚಟ ಬಲಿತಷ್ಟೂ 'ಬೇಕು' ಏರುತ್ತದೆ, ಇಷ್ಟ ಅದರ ಜೊತೆ ಏರಬೇಕಾಗಿಲ್ಲ, ಇಳಿಯಲೂಬಹುದು ಅಂತ ಇವರು 1993ರಲ್ಲೇ ಬರೆದರು.

ಇದಕ್ಕೆ ನನಗೆ ಮಿಶಿಗನ್ ಏನೂ ಬೇಕಿರಲಿಲ್ಲ. ನಮ್ಮ ಚಿಕ್ಕಪ್ಪ ಇದ್ದರಲ್ಲ. ಕೊನೆಕೊನೆಗೆ ಬೆಳಿಗ್ಗೆ ಎದ್ದು ಎರಡೂ ಕೈಯಲ್ಲಿ ಲೋಟ ಹಿಡಿದರೂ ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಮುಖ ಕಿವುಚಿಕೊಂಡು, ಉಸಿರು ಬಿಗಿಹಿಡಿದು ನುಂಗುತ್ತಿದ್ದರು. "ಇದರಲ್ಲಿ ಏನೂ ಇಲ್ಲ ಮಾರಾಯ. ಆದ್ರೂ ಬೇಕು" ಅಂದಿದ್ದರು ಒಂದು ದಿನ. ಆ ಮುಖದಲ್ಲಿ ಖುಷಿ ಹುಡುಕುವವರು ಬಂದು ಹುಡುಕಲಿ, ನೋಡೋಣ.

ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಕೆಲಸ ಇನ್ನೊಂದು. ಮೊದಮೊದಲು ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಡೋಪಮೈನ್ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ದೀಪ ಹತ್ತುತ್ತದೆ ಅಂತ ಕೋತಿಗೆ ಅಭ್ಯಾಸವಾದ ಮೇಲೆ, ದೀಪಕ್ಕೇ ಮಿಡಿಯತೊಡಗಿದವು. ದೀಪ ಹತ್ತಿಯೂ ರಸ ಬರದಿದ್ದರೆ, ಬರಬೇಕಾದ ಹೊತ್ತಿಗೆ ಸರಿಯಾಗಿ ಕೋಶಗಳು ಸುಮ್ಮನಾಗುತ್ತಿದ್ದವು. ಈ ಕೆಲಸಕ್ಕೆ 2017ರಲ್ಲಿ ಮಿದುಳಿನ ಸಂಶೋಧನೆಗೆ ಕೊಡುವ ಬ್ರೇನ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಬಂತು. ನಮ್ಮಲ್ಲಿ ಬಟವಾಡೆ ದಿನ ರೈಟರ್, ಅಂದರೆ ತೋಟದ ಗುಮಾಸ್ತ, ಕೂಲಿ ಲೆಕ್ಕದ ಚೆಕ್‌ರೋಲ್ ಪುಸ್ತಕ ಬಿಡಿಸುವಾಗ ಸಾಲಿನಲ್ಲಿ ನಿಂತವರ ಮುಖ ನೋಡಿ. ಬಾಟಲಿ ಇನ್ನೂ ಪೇಟೆಯಲ್ಲೇ ಇದೆ. ಮಿದುಳು ಆಗಲೇ ಹೊರಟಾಗಿದೆ. ಸಂತೆಯೂ ಅದೇ ದಾರಿ, ವೈನ್ ಶಾಪೂ ಅದೇ ದಾರಿ. ಇವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂದರೆ ಮುಗಿಯಿತಾ?

"ಹಾಗಾದರೆ ತಪ್ಪೆಲ್ಲ ಮಿದುಳಿನದ್ದು, ಕುಡಿಯುವವನದ್ದು ಏನೂ ಇಲ್ವಾ? ಎಷ್ಟೋ ಜನ ತಾವಾಗೇ ಬಿಟ್ಟಿಲ್ವಾ?" ಅಂತ ಪಕ್ಕದ ತೋಟದ ಅಣ್ಣ ಕೇಳಿದರು. ಬಿಟ್ಟಿದ್ದಾರೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಅಂಟಿಕೊಂಡ ಅಮೆರಿಕದ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ ಅಧ್ಯಯನ ಮಾಡಿದಾಗ, ಊರಿಗೆ ಬಂದ ಮೇಲೆ ಹೆಚ್ಚಿನವರು ಮತ್ತೆ ಆ ಚಟಕ್ಕೆ ಬಿದ್ದಿರಲಿಲ್ಲ. ಅವರಿಗೆ ಸಿಕ್ಕಿದ್ದು ಬೇರೆ ಜಾಗ, ಬೇರೆ ಜನ. ನಮ್ಮವನು ಪ್ರಮಾಣ ವಚನ ಮುಗಿಸಿ ಅದೇ ಲೈನ್ ಮನೆಗೆ, ಅದೇ ಗೆಳೆಯರ ಹತ್ತಿರ ಹೋಗುತ್ತಾನೆ. ಇನ್ನು "ಇಲಿ ಬೇರೆ, ಮನುಷ್ಯ ಬೇರೆ" ಅನ್ನುವವರಿಗೆ ಒಂದೇ ಮಾತು: ಡೋಪಮೈನ್ ಅಂತ ಭಾಷಣ ಬಿಗಿಯುವಾಗ ಇಲಿ ಬೇಕಿತ್ತು, ಈಗ ಬೇಡವಾಯಿತಾ?

ಎಲ್ಲಕ್ಕಿಂತ ಹೆದರಿಕೆ ಆಗಿದ್ದು "ನಾಳೆಯಿಂದಲೇ ಬಿಡಿ" ಅಂದಿದ್ದಕ್ಕೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್ ಬರಬಹುದು. ಕೆಲವರು ಇಲ್ಲದ್ದನ್ನು ಕಂಡು ಮಾತಾಡತೊಡಗುತ್ತಾರೆ. ಜೀವವೇ ಹೋಗಬಹುದು. ಅದಕ್ಕೆ ಡಾಕ್ಟರ ಕೈಕೆಳಗೆ ಔಷಧಿ ಕೊಟ್ಟು ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗ ಇದೆ. ಆಸೆ ತಗ್ಗಿಸುವ ಮಾತ್ರೆಗಳೂ ಇವೆ. ಇದರಲ್ಲಿ ಒಂದಾದರೂ ವೇದಿಕೆಯಿಂದ ಬಂತಾ? ಇಲ್ಲ. ಶಾಲು ಬಂತು, ಹಾರ ಬಂತು.

ವೇದಿಕೆ ಮೇಲಿದ್ದವರು ಸಂಜೆ ಮದುವೆ ಮನೆಯಲ್ಲಿ ಎಲ್ಲಿ ಕೂತಿದ್ದರು ಅಂತ ಕೇಳಬೇಡಿ. ನಾನೂ ಅಲ್ಲೇ ಕೂತಿದ್ದೆ. ನಾವು ಕುಡಿದರೆ ಪದ್ಧತಿ, ಕಾರ್ಮಿಕರು ಕುಡಿದರೆ ಚಟ.

ಮುಂದಿನ ತಿಂಗಳು ಇನ್ನೊಂದು ಕಾರ್ಯಕ್ರಮವಂತೆ, ಊಟದ ಖರ್ಚಿಗೆ ನನ್ನನ್ನು ಕೇಳಿದ್ದಾರೆ. ಭಾಷಣ ಬೇಡ, ಕುಡಿತ ಬಿಡಬೇಕು ಅನ್ನುವವರನ್ನು ಅದೇ ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಊಟ, ಡೀಸೆಲ್ ಎರಡೂ ನನ್ನದು ಅಂದಿದ್ದೇನೆ. "ಸಮಿತಿಯಲ್ಲಿ ಕೇಳಿ ಹೇಳ್ತೀವಿ" ಅಂದರು.