ಜೀಬ್ರಾ ಇಳಿಸುವ ಮುಂಚೆ ರಕ್ತ ನೋಡಬೇಕೇ?

ಬೇರೆ ದೇಶದಿಂದ ಮೃಗಾಲಯಕ್ಕೆ ತರುವ ಪ್ರತಿಯೊಂದು ಪ್ರಾಣಿಗೂ ಸೊಳ್ಳೆ, ನುಸಿ (ರಕ್ತ ಹೀರುವ ಪುಟಾಣಿ ಕೀಟ) ಹರಡುವ ವೈರಸ್‌ಗಳ ಪರೀಕ್ಷೆ ಕಡ್ಡಾಯ ಆಗಬೇಕೇ?

ಪರ

1987ರಲ್ಲಿ ಮ್ಯಾಡ್ರಿಡ್ ಹತ್ತಿರದ ಸಫಾರಿ ಪಾರ್ಕೊಂದಕ್ಕೆ ನಮೀಬಿಯಾದಿಂದ ಜೀಬ್ರಾಗಳು ಬಂದವು. ಅವುಗಳ ಜೊತೆಗೇ ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಎಂಬ ಕುದುರೆ ಕಾಯಿಲೆಯ ವೈರಸ್ಸೂ ಬಂತು. ನುಸಿಗಳು ಅದನ್ನು ಕುದುರೆಗಳಿಗೆ ದಾಟಿಸಿದವು. 1990ರವರೆಗೂ ಕಾಯಿಲೆ ಸ್ಪೇನ್ ಬಿಡಲಿಲ್ಲ. ಪೋರ್ಚುಗಲ್, ಮೊರಾಕೊಗೂ ಹೋಯಿತು.

ಜೀಬ್ರಾಗಳನ್ನು ನೋಡಿದವರಿಗೆ ಏನಾದರೂ ಗೊತ್ತಾಗುತ್ತಿತ್ತಾ? ಇಲ್ಲ. ಈ ವೈರಸ್ ಹೊತ್ತ ಜೀಬ್ರಾ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಮೇಯುತ್ತಿರುತ್ತದೆ. ಅದೇ ಕುದುರೆಗೆ ತಗುಲಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕಾಯಿಲೆಯ ತೀರಾ ಉಗ್ರ ಬಗೆಯಲ್ಲಿ ನೂರರಲ್ಲಿ 90ಕ್ಕಿಂತ ಜಾಸ್ತಿ ಕುದುರೆಗಳು ಸಾಯುತ್ತವೆ. ಹೀಗಿರುವಾಗ ಮೈ ಮುಟ್ಟಿ ನೋಡಿ 'ಆರೋಗ್ಯವಾಗಿದೆ' ಎಂದು ಸಹಿ ಹಾಕುವುದು ಸುಮ್ನೆ ಕಾಗದದ ಕೆಲಸ. ಜೀಬ್ರಾದ ರಕ್ತದಲ್ಲಿ ವೈರಸ್ 40 ದಿನದವರೆಗೂ ಇರಬಲ್ಲದು. ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತದೆ, ಮಾಡದಿದ್ದರೆ ನುಸಿಗೆ ಸಿಗುತ್ತದೆ.

ವಿರೋಧ

ಜೀಬ್ರಾ ಕಥೆ ನಿಜ. ಆದರೆ ಅದನ್ನೇ ಹಿಡಿದು ಎಲ್ಲ ಪ್ರಾಣಿಗೂ ಎಲ್ಲ ಪರೀಕ್ಷೆ ಅಂದರೆ ಹೇಗೆ?

ಮೊದಲು ಫಲಿತಾಂಶ ಓದುವ ಕಷ್ಟ ನೋಡಿ. ಎಲೈಸಾ ಎಂಬ ರಕ್ತಪರೀಕ್ಷೆ ಹುಡುಕುವುದು ಹೆಚ್ಚಾಗಿ ಪ್ರತಿಕಾಯವನ್ನು, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿದ ರಕ್ಷಣೆಯನ್ನು. ಯಾವಾಗಲೋ ಸೊಳ್ಳೆ ಕಚ್ಚಿ, ಕಾಯಿಲೆ ಬಂದು ವಾಸಿಯಾದ ಪ್ರಾಣಿಯಲ್ಲೂ ಅದು ಇರುತ್ತದೆ. ಅಂಥ ಪ್ರಾಣಿಯಿಂದ ಯಾರಿಗೂ ಅಪಾಯವಿಲ್ಲ, ಆದರೂ 'ಪಾಸಿಟಿವ್' ಅಂತ ವಾಪಸ್ ಕಳಿಸುತ್ತಾರೆ. ನಿನ್ನೆ ಮೊನ್ನೆ ಸೋಂಕು ತಗುಲಿದ್ದಕ್ಕೆ ಇನ್ನೂ ಪ್ರತಿಕಾಯವೇ ಬಂದಿರುವುದಿಲ್ಲ, ಅದು ಆರಾಮಾಗಿ ಒಳಗೆ ಬರುತ್ತದೆ. ತಮಾಷೆ ಅಲ್ವಾ? ಇನ್ನು ವೆಸ್ಟ್ ನೈಲ್, ಉಸುಟು, ಡೆಂಗಿ ಎಲ್ಲ ಒಂದೇ ಮನೆತನದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ತಲೆ ಹಾಕುತ್ತದೆ. ಕುದುರೆಗೆಂದು ಮಾಡಿದ ಪರೀಕ್ಷಾ ಕಿಟ್, ಸೊಂಡಿಲಂಥ ಮೂತಿಯ ಕಾಡುಪ್ರಾಣಿ ಟೇಪಿರ್‌ನ ರಕ್ತಕ್ಕೆ ಸರಿಯಾಗಿ ಉತ್ತರ ಕೊಡುತ್ತದೆ ಅನ್ನಲು ಆಧಾರ ಬೇಕು. ಜಿರಾಫೆಗಂತೂ ರಕ್ತ ತೆಗೆಯಲು ಕೊಡುವ ಅರಿವಳಿಕೆಯೇ ಕುತ್ತಾಗಬಹುದು.

ಜೀಬ್ರಾಗೆ 40 ದಿನ ಅಂದಿರಲ್ಲ, ಆ ದಿನಗಳನ್ನು ನುಸಿ ನುಸುಳದ ಸಣ್ಣ ಬಲೆಯ ಕೊಟ್ಟಿಗೆಯಲ್ಲಿ ಕಳೆಯಲಿ. ಹಣ ಅಲ್ಲಿಗೆ, ನಿಂತ ನೀರು ತೆಗೆಯುವುದಕ್ಕೆ, ಸತ್ತ ಪ್ರಾಣಿಯ ಶವಪರೀಕ್ಷೆಗೆ ಹೋಗಲಿ.

ಶವಪರೀಕ್ಷೆ ಯಾಕೆ ಅಂತೀರಾ? 1999ರಲ್ಲಿ ನ್ಯೂಯಾರ್ಕಿನಲ್ಲಿ ಕಾಗೆಗಳು ಸತ್ತು ಉದುರುತ್ತಿದ್ದವು. ಬ್ರಾಂಕ್ಸ್ ಮೃಗಾಲಯದ ಫ್ಲೆಮಿಂಗೊಗಳೂ ಸತ್ತವು. ಅಲ್ಲಿನ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಹಕ್ಕಿಗಳ ಮಿದುಳು ನೋಡಿ ಪಟ್ಟು ಹಿಡಿದದ್ದರಿಂದಲೇ ಆಗ ಅಲ್ಲಿನ ಜನರಿಗೆ ಬಂದಿದ್ದ ಕಾಯಿಲೆಯೂ ವೆಸ್ಟ್ ನೈಲ್ ಎಂದು ಹೊರಬಿತ್ತು. ವೈರಸ್ ಆ ನಗರಕ್ಕೆ ಬಂದ ದಾರಿ ಯಾವುದೆಂದು ಈವರೆಗೂ ಸಾಬೀತಾಗಿಲ್ಲ.